ಜಪಾನ್ ಶಾಲೆಯ ಮಧ್ಯಾಹ್ನದ ಊಟ ಹೇಗಿದೆ? ಇಂಗ್ಲಿಷ್ ಟೀಚರೊಬ್ಬಳ ರಿವ್ಯೂ

ಜಪಾನಿಗೆ ಇಂಗ್ಲಿಷ್ ಹೇಳಿಕೊಡೋಕೆ ಬರಬೇಕು ಅಂತಿರೋ ನಮ್ಮ ಕಡೆಯವರು ಸಂಬಳದ ಮಾತು ಮುಗಿಯೋದಕ್ಕೆ ಮುಂಚೆಯೇ ಊಟದ ವಿಷಯ ಎತ್ತುತ್ತಾರೆ. ಮಧ್ಯಾಹ್ನಕ್ಕೆ ಏನು ಮಾಡ್ತೀರಾ, ಡಬ್ಬಿ ಕಟ್ಕೊಂಡು ಹೋಗ್ತೀರಾ, ಹೊರಗೆ ತಿಂತೀರಾ ಅಂತ. ರಾಮೆನ್ ಅಂಗಡಿ, ಸುಶಿ ಹೋಟೆಲು, ಕೊನ್ಬಿನಿ ಅನ್ನೋ ದಿನಬಳಕೆಯ ಸಣ್ಣ ಅಂಗಡಿಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಇಲ್ಲಿ ಶಿಕ್ಷಕರಾದವರು ನಿಜವಾಗಿ ದಿನಾ ತಿನ್ನೋದು ಶಾಲೆಯ ಊಟ, ಕ್ಯೂಷೋಕು. ಅದರ ಬಗ್ಗೆ ಕನ್ನಡದಲ್ಲಿ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅಂಕ ಮೊದಲೇ ಕೊಟ್ಟುಬಿಡ್ತೀನಿ: ಅಡುಗೆಗೆ ಐದಕ್ಕೆ ನಾಲ್ಕು, ನಡೆಸೋ ವ್ಯವಸ್ಥೆಗೆ ಐದಕ್ಕೆ ಐದು, ನಮ್ಮಂಥವರ ಊಟದ ಕಟ್ಟುಪಾಡಿಗೆ ಹೊಂದಿಕೊಳ್ಳೋದರಲ್ಲಿ ಐದಕ್ಕೆ ಎರಡು. ಆದರೂ ಬೇಡ ಅನ್ನಬೇಡಿ, ಸೇರ್ಕೊಳ್ಳಿ ಅಂತಲೇ ನನ್ನ ಸಲಹೆ. ಯಾಕೆ ಅಂತ ಹೇಳ್ತೀನಿ.

ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯವಳು. ಈಗ ಇರೋದು ಯಾಮಾಗಾತ ಪ್ರಾಂತ್ಯದ ಶೋನಾಯ್ ಬಯಲಿನ ಒಂದು ಸಣ್ಣ ಊರಲ್ಲಿ. ಉತ್ತರಕ್ಕೆ ಚೋಕಾಯ್ ಬೆಟ್ಟ, ಪಶ್ಚಿಮಕ್ಕೆ ಜಪಾನ್ ಸಮುದ್ರ, ನಡುವೆ ಕಣ್ಣು ಹಾಯೋವಷ್ಟೂ ಭತ್ತದ ಗದ್ದೆ. ಇಲ್ಲಿನ ಶಿಕ್ಷಣ ಮಂಡಳಿ ನನ್ನನ್ನು ಎಎಲ್‌ಟಿ ಅಂತ, ಅಂದರೆ ಸಹಾಯಕ ಭಾಷಾ ಶಿಕ್ಷಕಿ ಅಂತ ತಗೊಂಡಿದೆ. ಒಂದು ಮಿಡ್ಲ್ ಸ್ಕೂಲು (ಇಲ್ಲಿ ಅದು 7ರಿಂದ 9ನೇ ತರಗತಿ), ಎರಡು ಪ್ರೈಮರಿ ಶಾಲೆ ನನ್ನ ಪಾಲಿಗೆ. ನಮಗೆ ಸ್ವಂತ ತರಗತಿ ಇರೋದಿಲ್ಲ, ಅಲ್ಲಿಯ ಶಿಕ್ಷಕರ ಜೊತೆ ನಿಂತು ಪಾಠ ಮಾಡ್ತೀವಿ. 2020ರಿಂದ ಇಲ್ಲಿ 5 ಮತ್ತು 6ನೇ ತರಗತಿಗೆ ಇಂಗ್ಲಿಷ್ ಪೂರ್ಣ ಪ್ರಮಾಣದ ವಿಷಯವಾಗಿದೆ, ವರ್ಷಕ್ಕೆ 70 ಪೀರಿಯಡ್. 3 ಮತ್ತು 4ನೇ ತರಗತಿಯವರಿಗೆ 35, ಅದೂ ಹೆಚ್ಚಾಗಿ ಆಟ, ಹಾಡು, ಮಾತು. ಲೆಕ್ಕ ಹಾಕಿ ನೋಡಿ, ಒಂದು ಮಗುವಿಗೆ ವಾರಕ್ಕೆ ಒಂದೋ ಎರಡೋ ಪೀರಿಯಡ್ ಸಿಗುತ್ತೆ ಅಷ್ಟೇ. ಮಗುವಿನ ಹೆಸರು ನೆನಪಿಟ್ಟುಕೊಳ್ಳೋಕೂ ಅದು ಸಾಲದು. ಹಾಗಾಗಿ ತಟ್ಟೆ ಹಿಡಿದು ಅವರ ಪಕ್ಕ ಕೂರೋ ಇಪ್ಪತ್ತು ನಿಮಿಷಕ್ಕೆ ನನ್ನ ಕೆಲಸದಲ್ಲಿ ತುಂಬ ಬೆಲೆ.

ನಡೆಯೋದು ಹೀಗೆ. ನಾಲ್ಕನೇ ಪೀರಿಯಡ್ಡಿನ ಗಂಟೆ ಬಾರಿಸೋದು ಹನ್ನೆರಡೂ ಇಪ್ಪತ್ತರ ಸುಮಾರಿಗೆ. ಆ ವಾರದ ಸರದಿಯ ಮಕ್ಕಳು, ಇಲ್ಲಿಯವರು ತೋಬಾನ್ ಅಂತಾರೆ, ಬಿಳಿ ನಿಲುವಂಗಿ, ತಲೆಗೆ ಬಿಳಿ ಟೋಪಿ, ಮೂಗು ಬಾಯಿಗೆ ಮಾಸ್ಕ್ ಹಾಕ್ಕೊಂಡು ಕಾರಿಡಾರಲ್ಲಿ ಸಾಲು ನಿಲ್ತಾರೆ. ಟೀಚರು ಒಂದು ಹಾಳೆ ಹಿಡಿದು ಕೇಳ್ತಾರೆ: ಹೊಟ್ಟೆ ಕೆಟ್ಟಿದೆಯಾ, ಜ್ವರ ಇದೆಯಾ, ಕೈಯಲ್ಲಿ ಗಾಯ ಇದೆಯಾ, ಉಗುರು ಕತ್ತರಿಸಿದ್ದೀಯಾ. ಒಂದೊಂದಕ್ಕೂ ಗುರುತು ಹಾಕಿದ ಮೇಲೆಯೇ ಮಕ್ಕಳು ಪಾತ್ರೆ ಮುಟ್ಟಬೇಕು. ಆಮೇಲೆ ಸೂಪಿನ ಡಬ್ಬ ಇಬ್ಬರು ಎರಡು ಕಡೆ ಹಿಡಿ ಹಿಡಿದು, ಅನ್ನದ ಡಬ್ಬ ಇನ್ನಿಬ್ಬರು, ಹಾಲಿನ ಕ್ರೇಟು ಮತ್ತಿಬ್ಬರು. ಒಂದನೇ ತರಗತಿಯವರ ಜೊತೆ ಏಪ್ರಿಲ್ ತಿಂಗಳಲ್ಲಿ ಆರನೇ ತರಗತಿಯವರು ಬಂದು ನಿಂತು ಹೇಗೆ ಹಿಡಿಯಬೇಕು, ಸೌಟನ್ನು ತಳಕ್ಕೆ ಇಳಿಸಿ ಹೇಗೆ ಎತ್ತಬೇಕು ಅಂತ ತೋರಿಸ್ತಾರೆ. ಮಿಸೋ, ಅಂದರೆ ಹುದುಗು ಬರಿಸಿದ ಸೋಯಾಕಾಳಿನ ಮುದ್ದೆ, ಕದಡಿ ಮಾಡೋ ಸೂಪಿನಲ್ಲಿ ತರಕಾರಿಯೆಲ್ಲ ತಳ ಸೇರಿರುತ್ತೆ. ಮೇಲಿಂದ ಮೇಲಿಂದ ಬಡಿಸಿದರೆ ಮೊದಲಿನವರಿಗೆ ಬರೀ ನೀರು, ಕೊನೆಯವರಿಗೆ ಬರೀ ಹೋಳು. ಆರು ವರ್ಷದ ಮಗು ಮೂಗಿನ ತುದಿಯಲ್ಲಿ ಬೆವರು ಕಟ್ಟಿಕೊಂಡು ಮೂವತ್ತು ಬಟ್ಟಲಿಗೆ ಒಂದೇ ಸಮ ಬಡಿಸೋದನ್ನು ನಿಂತು ನೋಡಿ, ಗೊತ್ತಾಗುತ್ತೆ. ಕಣ್ಣಳತೆ, ತಾಳ್ಮೆ, ಲೆಕ್ಕ ಮೂರೂ ಆ ಸೌಟಲ್ಲಿದೆ. ಶುಕ್ರವಾರ ಆ ನಿಲುವಂಗಿಯನ್ನು ಚೀಲದಲ್ಲಿ ಹಾಕಿ ಮನೆಗೆ ಒಯ್ದು, ಒಗೆದು, ಇಸ್ತ್ರಿ ಮಾಡಿ ಸೋಮವಾರ ತರೋದೂ ಅವರದ್ದೇ ಕೆಲಸ. ಮುಂದಿನ ವಾರ ಅದನ್ನು ಬೇರೆ ಮಗು ಹಾಕ್ಕೊಳ್ಳುತ್ತೆ.

ಬಡಿಸಿ ಆದ ಮೇಲೆ ಎಲ್ಲರೂ ಕೈ ಜೋಡಿಸಿ ‘ಇತದಕಿಮಾಸು’ ಅಂತ ಒಟ್ಟಿಗೆ ಹೇಳಿ ಶುರು ಮಾಡ್ತಾರೆ. ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಮಕ್ಕಳ ಪ್ರಸಾರ ಸಮಿತಿಯವರ ದನಿ: ಈ ದಿನದ ಊಟ ಇಂಥದ್ದು, ಮೂಲಂಗಿ ಇಂಥ ಕಡೆಯಿಂದ ಬಂದದ್ದು, ಮೀನಿನಲ್ಲಿ ಮುಳ್ಳಿದೆ ನೋಡ್ಕೊಂಡು ತಿನ್ನಿ. ಯಾರಾದರೂ ಬಂದಿಲ್ಲದಿದ್ದರೆ ಅವರ ಪಾಲಿನ ಪುಡ್ಡಿಂಗ್ ಯಾರಿಗೆ ಅಂತ ತೀರ್ಮಾನ ಆಗೋದು ಜಾಂಕೆನ್ ಆಡಿ. ಕಲ್ಲು, ಕತ್ತರಿ, ಕಾಗದ. ಈ ಆಟಕ್ಕೆ ಟೀಚರಿಗೂ ರಿಯಾಯಿತಿ ಇಲ್ಲ.

ಇನ್ನು ಅಡುಗೆ. ನಮ್ಮೂರಲ್ಲಿ ವಾರದ ಹೆಚ್ಚು ದಿನ ಅನ್ನ. ಇದು ಭತ್ತದ ಸೀಮೆ, ಯಾಮಾಗಾತದವರು 2010ರಲ್ಲಿ ಮಾರುಕಟ್ಟೆಗೆ ತಂದ ತ್ಸುಯಾಹಿಮೆ ಅನ್ನೋ ತಳಿಯ ಬಗ್ಗೆ ಇಲ್ಲಿಯ ಮಕ್ಕಳಿಗೇ ಅಭಿಮಾನ. ಜೊತೆಗೆ ಒಂದು ಮುಖ್ಯ ಪದಾರ್ಥ, ಒಂದು ಪಲ್ಯದ ಥರದ್ದು, ಒಂದು ಸೂಪು, 200 ಮಿಲಿಲೀಟರ್ ಹಾಲು, ಆಗಾಗ ಒಂದು ಹಣ್ಣು. ಮುಖ್ಯ ಪದಾರ್ಥ ಅಂದರೆ ಮಿಸೋದಲ್ಲಿ ಬೇಯಿಸಿದ ಸಬಾ ಮೀನು, ಸುಟ್ಟ ಸಾಮನ್, ಶುಂಠಿ ಸೋಯಾ ಸಾಸಿನಲ್ಲಿ ನೆನೆಸಿ ಕರಿದ ಕೋಳಿ, ತೋಫು ಹ್ಯಾಂಬರ್ಗ್, ಹಂದಿ ಮಾಂಸದ ಹುರಿದದ್ದು. ನನ್ನ ಮನಸ್ಸು ಗೆದ್ದಿರೋದು ಮಾತ್ರ ಆ ಪಕ್ಕದ ಪುಟ್ಟ ಬಟ್ಟಲು. ಎಳ್ಳು ಅರೆದು ಕಲಸಿದ ಸೊಪ್ಪು, ಸೋಯಾಕಾಳು ಕ್ಯಾರೆಟ್ ಜೊತೆ ಬೇಯಿಸಿದ ಹಿಜಿಕಿ ಅನ್ನೋ ಕಪ್ಪು ಕಡಲಕಳೆ, ಒಣಗಿಸಿದ ಮೂಲಂಗಿ ಎಳೆಗಳನ್ನು ನೆನೆಸಿ ಬೇಯಿಸಿದ್ದು. ಹೋಟೆಲಲ್ಲಿ ಇಂಥವನ್ನು ಹುಡುಕಿಕೊಂಡು ಹೋಗಿ ತಿನ್ನಬೇಕು, ಇಲ್ಲಿ ಎಂಟು ವರ್ಷದ ಮಕ್ಕಳಿಗೆ ಅದು ದಿನದ ಊಟ. ಶರತ್ಕಾಲದಲ್ಲಿ ಬೀಜವಿಲ್ಲದ ಶೋನಾಯ್ ಕಾಕಿ ಹಣ್ಣು, ಅಂದರೆ ಪರ್ಸಿಮನ್, ಆಮೇಲೆ ಲಾ ಫ್ರಾನ್ಸ್ ಅನ್ನೋ ತಳಿಯ ಪೇರ್ ಹಣ್ಣು. ಜೂನಲ್ಲಿ ಯಾಮಾಗಾತದ ಚೆರ್ರಿ ಎರಡೋ ಮೂರೋ ಬರುತ್ತೆ. ದುಬಾರಿ ಹಣ್ಣು, ಮಕ್ಕಳು ಅದನ್ನು ಕೊನೆಗೆ ಅಂತ ಇಟ್ಟುಕೊಂಡಿರ್ತಾರೆ.

ಪ್ರತಿ ತಿಂಗಳ ಕೊನೆಗೆ ಮುಂದಿನ ತಿಂಗಳ ಪಟ್ಟಿ ಬರುತ್ತೆ, ಕೊಂದತೆಹ್ಯೋ ಅಂತ ಅದರ ಹೆಸರು. ಒಂದೊಂದು ದಿನದ ಎದುರಿಗೂ ಪದಾರ್ಥಗಳನ್ನು ಮೂರು ಗುಂಪು ಮಾಡಿ ಬರೆದಿರ್ತಾರೆ: ಕೆಂಪು ಅಂದರೆ ಮೈ ಕಟ್ಟೋವು, ಹಳದಿ ಶಕ್ತಿ ಕೊಡೋವು, ಹಸಿರು ಮೈ ಸರಿ ಇಡೋವು. ಕೊನೆಗೆ ಕ್ಯಾಲೊರಿ, ಪ್ರೋಟೀನು. ಸರ್ಕಾರದ ಮಾನದಂಡದ ಪ್ರಕಾರ 8ರಿಂದ 9 ವರ್ಷದವರಿಗೆ ಒಂದೂಟಕ್ಕೆ 650 ಕಿಲೊಕ್ಯಾಲೊರಿ, ಮಿಡ್ಲ್ ಸ್ಕೂಲಿನವರಿಗೆ 830. ದಿನಕ್ಕೆ ಬೇಕಾದ ಕ್ಯಾಲ್ಸಿಯಂನ ಅರ್ಧ ಭಾಗ ಈ ಒಂದು ಊಟದಲ್ಲೇ ಸಿಗಬೇಕು ಅನ್ನೋದು ಗುರಿ, ಅದಕ್ಕೇ ಆ ಹಾಲು ಯಾವತ್ತೂ ತಪ್ಪೋದಿಲ್ಲ. ಅನ್ನ, ಮೀನು, ಮಿಸೋ ಸೂಪು ಜೊತೆಗೆ ತಣ್ಣನೆ ಹಾಲು. ನನಗೆ ಇದು ಇವತ್ತಿಗೂ ಒಪ್ಪಿಗೆಯಾಗಿಲ್ಲ. ಮೀನಿನ ಜೊತೆ ಹಾಲು ಕುಡಿಯಬಾರದು ಅಂತ ನಮ್ಮಜ್ಜಿ ಹೇಳಿಕೊಟ್ಟ ಮಾತು ಹೊಟ್ಟೆಯೊಳಗೇ ಕೂತಿದೆ. ನಾನು ಊಟ ಪೂರ್ತಿ ಮುಗಿಸಿ ಆಮೇಲೆ ಕುಡೀತೀನಿ. ಜಪಾನಿನವರಲ್ಲೂ ಈ ಚರ್ಚೆ ಇದೆ. ಪಕ್ಕದ ನೀಗಾತ ಪ್ರಾಂತ್ಯದ ಸಾಂಜೋ ನಗರದವರು 2014ರ ಡಿಸೆಂಬರಿನಿಂದ ಕೆಲವು ತಿಂಗಳು ಊಟದಿಂದ ಹಾಲನ್ನೇ ತೆಗೆದು ಪ್ರಯೋಗ ಮಾಡಿದ್ದರು.

ವ್ಯವಸ್ಥೆಗೆ ಪೂರ್ತಿ ಅಂಕ ಕೊಟ್ಟಿದ್ದಕ್ಕೆ ಕಾರಣ ಬಡಿಸೋ ಮಕ್ಕಳಷ್ಟೇ ಅಲ್ಲ. ಮಕ್ಕಳು ತಿನ್ನೋದಕ್ಕೆ ಅರ್ಧ ಗಂಟೆ ಮುಂಚೆ ಹೆಡ್‌ಮಾಸ್ಟರು ಅದೇ ಊಟ ತಿಂದು ನೋಡಿ, ರುಚಿ, ವಾಸನೆ, ಬೆಂದದ್ದು ಸರಿಯಿದೆಯಾ ಅಂತ ಬರೆದಿಡಬೇಕು. ನಮ್ಮ ಹೆಡ್‌ಮಾಸ್ಟರಿಗೆ ಮೀಟಿಂಗ್ ಇರಲಿ, ಮಂಡಳಿಯಿಂದ ಅತಿಥಿ ಬಂದಿರಲಿ, ಆ ಹೊತ್ತಿಗೆ ತಟ್ಟೆ ಮುಂದೆ ಕೂತಿರ್ತಾರೆ. ಅವರು ಇಲ್ಲದ ದಿನ ವೈಸ್ ಪ್ರಿನ್ಸಿಪಾಲರು. ನಮ್ಮ ಶಾಲೆಗಳಿಗೆಲ್ಲ ಊಟ ಮಾಡಿ ಕಳಿಸೋ ಅಡುಗೆ ಕೇಂದ್ರದಲ್ಲಿ ಪ್ರತಿ ಪದಾರ್ಥದ, ಅದಕ್ಕೆ ಹಾಕಿದ ಹಸಿ ಸಾಮಾನಿನ 50 ಗ್ರಾಂ ಆಗೋವಷ್ಟು ತೆಗೆದು ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ ಇಟ್ಟಿರ್ತಾರೆ. ಯಾರಿಗಾದರೂ ಹೊಟ್ಟೆ ಕೆಟ್ಟರೆ ಪರೀಕ್ಷೆಗೆ ಅಂತ. ಈ ಕಟ್ಟುನಿಟ್ಟಿನ ಹಿಂದೆ ದೊಡ್ಡ ನೋವಿದೆ. 1996ರಲ್ಲಿ ಒಸಾಕದ ಸಾಕಾಯ್ ನಗರದಲ್ಲಿ ಶಾಲೆಯ ಊಟದಿಂದ ಓ157 ಬ್ಯಾಕ್ಟೀರಿಯಾ ಹರಡಿ ಸಾವಿರಾರು ಮಕ್ಕಳು ಕಾಯಿಲೆ ಬಿದ್ದರು, ಮಕ್ಕಳು ಸತ್ತೂ ಹೋದರು. ಆಮೇಲೆ ಹೆಚ್ಚಿನ ಕಡೆ ಸಲಾಡಿನ ಸೌತೆಕಾಯಿ, ಎಲೆಕೋಸನ್ನೂ ಕುದಿಯೋ ನೀರಲ್ಲಿ ಹಾಕಿ ತೆಗೆದೇ ಬಡಿಸ್ತಾರೆ. ತರಕಾರಿಯ ಗರಿಗರಿ ಹೋಗುತ್ತೆ, ನಿಜ. ಅದರ ಬಗ್ಗೆ ದೂರು ಹೇಳೋಕೆ ನನಗೆ ಬಾಯಿ ಬರೋದಿಲ್ಲ.

ಊಟದ ಈ ಪದ್ಧತಿ ಹುಟ್ಟಿದ್ದು ನಾನಿರೋ ಬಯಲಿನಲ್ಲೇ ಅನ್ನೋದು ಇಲ್ಲಿಗೆ ಬಂದ ಮೇಲೆ ತಿಳಿದದ್ದು. 1889ರಲ್ಲಿ ತ್ಸುರುಓಕದ ದೈತೊಕುಜಿ ಅನ್ನೋ ದೇವಾಲಯದ ಆವರಣದಲ್ಲಿ ಬೌದ್ಧ ಸನ್ಯಾಸಿಗಳು ಒಂದು ಶಾಲೆ ನಡೆಸ್ತಿದ್ದರು. ಮಧ್ಯಾಹ್ನಕ್ಕೆ ಬುತ್ತಿ ತರೋ ಶಕ್ತಿಯಿಲ್ಲದ ಬಡವರ ಮಕ್ಕಳಿಗೆ ಅವರು ಅನ್ನದ ಉಂಡೆ, ಉಪ್ಪು ಹಾಕಿ ಸುಟ್ಟ ಸಾಮನ್, ಸೊಪ್ಪಿನ ಉಪ್ಪಿನಕಾಯಿ ಕೊಟ್ಟರು. ಜಪಾನಿನ ಶಾಲಾ ಊಟದ ಮೊದಲು ಅಂತ ಲೆಕ್ಕ ಇಡೋದು ಅಲ್ಲಿಂದ. ಆ ಜಾಗದಲ್ಲಿ ಈಗ ಕಲ್ಲಿನ ಸ್ಮಾರಕ ಇದೆ. ಜನವರಿ 24ರಿಂದ 30 ದೇಶದಾದ್ಯಂತ ಶಾಲಾ ಊಟದ ವಾರ, ಆ ವಾರ ನಮ್ಮ ಶಾಲೆಯಲ್ಲಿ ಅದೇ ಉಂಡೆ, ಅದೇ ಸಾಮನ್ ಬರುತ್ತೆ. ಅವತ್ತು ಮಕ್ಕಳೇ ಅನ್ನ ಕೈಯಲ್ಲಿ ಹಿಡಿದು ಉಂಡೆ ಕಟ್ಟಿಕೊಂಡು ತಿಂತಾರೆ. ಎರಡನೇ ಮಹಾಯುದ್ಧದ ನಂತರ 1954ರಲ್ಲಿ ಶಾಲಾ ಊಟಕ್ಕೆ ಅಂತಲೇ ಕಾಯ್ದೆ ಬಂತು. ಆಗ ಬ್ರೆಡ್ಡಿನದೇ ರಾಜ್ಯ, ಅನ್ನ ಅಧಿಕೃತವಾಗಿ ಪಟ್ಟಿಗೆ ಸೇರಿದ್ದು 1976ರಲ್ಲಿ.

ಈಗ ನಮ್ಮವರಿಗೆ ಕಷ್ಟವಾಗೋ ವಿಷಯ. ನಾನು ಕೋಳಿ, ಮೀನು, ಮೊಟ್ಟೆ ತಿಂತೀನಿ, ದನ, ಹಂದಿ ತಿನ್ನೋದಿಲ್ಲ. ಹೀಗಿದ್ದೂ ತಿಂಗಳ ಪಟ್ಟಿ ಬಂದ ಕೂಡಲೇ ಹೈಲೈಟರ್ ಹಿಡ್ಕೊಂಡು ಕೂರಬೇಕು. ಹಂದಿ ಅಂದರೆ ಹೋಳಾಗಿಯೇ ಬರಬೇಕು ಅಂತಿಲ್ಲ. ಸೂಪಿನೊಳಗೆ ಬೇಕನ್ ಚೂರು, ಹುರಿದ ತರಕಾರಿಯೊಳಗೆ ಹ್ಯಾಮ್ ಎಳೆ, ಗ್ಯೋಝಾ ಅನ್ನೋ ಕಡುಬಿನ ಹೊಟ್ಟೆಯೊಳಗೆ ಕೈಮಾ. ಶುದ್ಧ ಸಸ್ಯಾಹಾರಿಗಳಿಗಂತೂ ನಾನು ಮುಲಾಜಿಲ್ಲದೆ ಹೇಳ್ತೀನಿ, ಈ ಊಟ ನಿಮಗಾಗೋದಿಲ್ಲ. ಸೂಪಿಗೆ, ಬೇಯಿಸಿದ ತರಕಾರಿಗೆ, ಕಡಲಕಳೆಗೆ ಎಲ್ಲಕ್ಕೂ ದಾಶಿ ಅನ್ನೋ ರಸ ಬೀಳುತ್ತೆ, ಅದನ್ನು ತೆಗೆಯೋದು ಹೆಚ್ಚಾಗಿ ಒಣಮೀನಿನಿಂದ. ಕಣ್ಣಿಗೆ ಬರೀ ತರಕಾರಿ ಕಾಣುತ್ತೆ, ಒಳಗೆ ಮೀನಿರುತ್ತೆ. ಅಲರ್ಜಿ ಇರೋ ಮಕ್ಕಳಿಗೆ ಹೆಸರು ಬರೆದ ಬೇರೆ ತಟ್ಟೆ ಬರುತ್ತೆ, ಅದನ್ನು ಟೀಚರು ಎರಡು ಸಲ ನೋಡಿ ಕೊಡ್ತಾರೆ, ಅಷ್ಟು ಜಾಗ್ರತೆ. ಧರ್ಮಕ್ಕೋ ಮನೆಯ ಪದ್ಧತಿಗೋ ಬೇರೆ ಅಡುಗೆ ಮಾಡೋ ಏರ್ಪಾಡು ನನ್ನ ಊರಲ್ಲಿಲ್ಲ.

ಇದು ಎಷ್ಟು ವಿಚಿತ್ರ ಅಂದರೆ, ಭಾರತದ ಟೀಚರು ಖುಷಿಯಾಗಿ ತಿಂತಾರೆ ಅಂತ ಎಲ್ಲರೂ ಅಂದುಕೊಳ್ಳೋ ಕರಿ ರೈಸ್ ದಿನವೇ ನನಗೆ ಊಟವಿಲ್ಲ. ಕರಿ ಅಂದರೆ ಇಲ್ಲಿನ ಮಕ್ಕಳಿಗೆ ಪ್ರಾಣ. 1982ರ ಜನವರಿ 22ರಂದು ದೇಶದ ಶಾಲೆಗಳಲ್ಲೆಲ್ಲ ಒಂದೇ ದಿನ ಬಡಿಸಬೇಕು ಅಂತ ತೀರ್ಮಾನಿಸಿ ಆರಿಸಿದ ಪದಾರ್ಥವೂ ಕರಿಯೇ. ನಮ್ಮಲ್ಲಿ ಅದಕ್ಕೆ ಹಂದಿ ಮಾಂಸ ಹಾಕ್ತಾರೆ, ಸಾರು ಗಟ್ಟಿಯಾಗೋಕೆ ಹಾಕೋ ‘ಕರಿ ರೂ’ ಅನ್ನೋ ಮಸಾಲೆ ಗಟ್ಟಿಗಳಿಗೂ ಸಾಮಾನ್ಯವಾಗಿ ದನದ ಇಲ್ಲವೇ ಹಂದಿಯ ಕೊಬ್ಬು ಸೇರಿರುತ್ತೆ. ಆ ದಿನ ನಾನು ಮನೆಯಿಂದ ಡಬ್ಬಿ ಒಯ್ತೀನಿ, ಸ್ಟಾಫ್ ರೂಮಲ್ಲಿ ಕೂರೋದಿಲ್ಲ, ತರಗತಿಗೇ ಹೋಗ್ತೀನಿ. ನಾಲ್ಕನೇ ತರಗತಿಯ ಹುಡುಗ ಒಬ್ಬ ನನ್ನ ಡಬ್ಬಿ ಇಣುಕಿ ನೋಡಿ, “ಸೆನ್ಸೇ (ಟೀಚರ್), ಇಂಡಿಯಾದವರು ದಿನಾ ಕರಿ ತಿನ್ನೋದಲ್ವಾ?” ಅಂದ. ನಾನು ಡಬ್ಬಿ ಬಿಚ್ಚಿ ಅನ್ನ, ಬೇಳೆ ಸಾರು, ಬೀನ್ಸ್ ಪಲ್ಯ ತೋರಿಸಿದೆ. ಒಂದೊಂದನ್ನೂ ಬೆರಳು ಮಾಡಿ ಇಂಗ್ಲಿಷಲ್ಲಿ ಕೇಳಿದ: “ವಾಟ್ಸ್ ದಿಸ್?” ಮೂರೂ ಸಲ ಸರಿಯಾದ ಪ್ರಶ್ನೆ, ಸರಿಯಾದ ಏರಿಳಿತ. ಪಾಠದ ಹೊತ್ತಲ್ಲಿ ಅದೇ ಹುಡುಗನ ಬಾಯಿಂದ ಆ ಎರಡು ಪದ ಹೊರಡಿಸೋಕೆ ಚಿತ್ರದ ಕಾರ್ಡು ಹಿಡಿದು ನಿಲ್ಲಬೇಕಾಗಿತ್ತು.

ಹೀಗೇ ಒಂದೊಂದು ದಾರಿ ಸಿಗುತ್ತೆ. ಐದನೇ ತರಗತಿಯ ಪುಸ್ತಕದಲ್ಲಿ ಹೋಟೆಲಿನ ಪಾಠ ಬರುತ್ತೆ, “ವಾಟ್ ವುಡ್ ಯು ಲೈಕ್?” ಅಂತ. ಆ ಪಾಠ ನಡೆಯೋ ವಾರಗಳಲ್ಲಿ ತರಗತಿ ಟೀಚರ ಜೊತೆ ಮಾತಾಡಿ ನಾನು ಬಡಿಸೋ ಮಕ್ಕಳ ಪಕ್ಕ ನಿಲ್ತೀನಿ. “ರೈಸ್, ಸ್ಮಾಲ್, ಪ್ಲೀಸ್” ಅಂದವರಿಗೆ ಸ್ವಲ್ಪ, “ಬಿಗ್, ಪ್ಲೀಸ್” ಅಂದವರಿಗೆ ಜಾಸ್ತಿ. ಹಸಿದ ಮಗು ಈ ಮಾತನ್ನು ಮರೆಯೋದೇ ಇಲ್ಲ. ಪಾಠದಲ್ಲಿ ತಲೆಯೇ ಎತ್ತದ ಹುಡುಗಿ ಸೌಟು ಹಿಡಿದಾಗ ಜೋರಾಗಿ “ಹಿಯರ್ ಯು ಆರ್” ಅಂದಿದ್ದಾಳೆ. ಮಿಡ್ಲ್ ಸ್ಕೂಲಲ್ಲಿ ಇಷ್ಟು ಸಲೀಸಲ್ಲ. ಹದಿಮೂರು ಹದಿನಾಲ್ಕರ ಹುಡುಗರು ನಾನು ಕೂತ ಗುಂಪಿನಲ್ಲಿ ತಟ್ಟೆ ನೋಡ್ಕೊಂಡು ಸುಮ್ಮನೆ ತಿಂತಾರೆ. ಅವರನ್ನು ಮಾತಿಗೆ ಎಳೆಯಬೇಕು ಅಂತ ಒತ್ತಾಯ ಮಾಡಬಾರದು, ಒಟ್ಟಿಗೆ ಕೂತು ಉಂಡರೆ ಅದೇ ಸಾಕು. ಬೇಸ್‌ಬಾಲ್ ಆಡೋರ ಗುಂಪಿಗೆ ಎರಡನೇ ಸಲ ಅನ್ನ ಹಾಕಿಸಿಕೊಳ್ಳೋ ಹೊತ್ತಲ್ಲಿ ತಾವಾಗೇ ಬಾಯಿ ಬರುತ್ತೆ.

ಕಳೆದ ವರ್ಷ ಪೌಷ್ಟಿಕತೆಯ ಟೀಚರು ಬಂದು, ಬೇರೆ ದೇಶಗಳ ಊಟದ ತಿಂಗಳಿಗೆ ನಿಮ್ಮೂರಿನ ಒಂದು ಅಡುಗೆ ಹೇಳಿ ಅಂದರು. ಶಾಲೆಗಳಲ್ಲಿ ಇಂಥವರಿಗಾಗಿಯೇ ಒಂದು ಹುದ್ದೆ 2005ರಿಂದ ಇದೆ, ಪಟ್ಟಿ ಹಾಕೋದರ ಜೊತೆಗೆ ಊಟದ ಬಗ್ಗೆ ಪಾಠವನ್ನೂ ಮಾಡ್ತಾರೆ. ನಾನು ಮೊದಲು ಕೋಸಂಬರಿ ಅಂದೆ. ಹಸಿ ಹೆಸರುಬೇಳೆ, ಹಸಿ ಸೌತೆಕಾಯಿ ಎರಡೂ ಆಗಲ್ಲ ಅಂದರು. ಆಮೇಲೆ ಚಿತ್ರಾನ್ನ ಅಂದೆ. ಅನ್ನ ಅವರದ್ದೇ ಇದೆ, ಅರಿಶಿನ ಸಿಗುತ್ತೆ, ನಿಂಬೆರಸ ಸಿಗುತ್ತೆ. ಕಡಲೆಕಾಯಿ ಬೀಜ? ಅಲರ್ಜಿಯ ಕಾರಣಕ್ಕೆ ಅಡುಗೆ ಕೇಂದ್ರದ ಬಾಗಿಲೇ ದಾಟುವ ಹಾಗಿಲ್ಲ. ಕರಿಬೇವು ಅವರ ಸರಬರಾಜಿನಲ್ಲಿಲ್ಲ, ಹಸಿಮೆಣಸಿನಕಾಯಿ ಒಂದನೇ ತರಗತಿಯವರಿಗೆ ಆಗಲ್ಲ. ಬೀಜ, ಕರಿಬೇವು, ಮೆಣಸಿನಕಾಯಿ ಬಿಟ್ಟರೆ ಅದು ಚಿತ್ರಾನ್ನವೇ ಅಲ್ಲ ಅಂತ ಅಮ್ಮ ಫೋನಲ್ಲಿ ಅಂದರು. ಆ ಟೀಚರು ಮಾತ್ರ ಬಿಡಲಿಲ್ಲ. ಹಲ್ಲಿಗೆ ಸಿಗೋದಕ್ಕೆ ಬೀಜದ ಬದಲು ಎದಮಾಮೆ, ಅಂದರೆ ಎಳೇ ಸೋಯಾಕಾಳು, ಬಣ್ಣಕ್ಕೂ ಆಯಿತು ಅಂತ ಅವರೇ ಹೇಳಿದ್ದು. ಪ್ರಯೋಗಕ್ಕೆ ಸಣ್ಣ ಬಾಣಲೆಯಲ್ಲಿ ಮಾಡಿ ನೋಡೋ ದಿನ ನಾನೂ ಹೋಗಿದ್ದೆ. ಕಾದ ಎಣ್ಣೆಗೆ ಸಾಸಿವೆ ಹಾಕಿದಾಗ ಚಟಪಟ ಸಿಡಿದದ್ದು ನೋಡಿ ಅಡುಗೆಯವರು ಹಿಂದೆ ಸರಿದರು, ಆಮೇಲೆ ಒಬ್ಬರು ಮುಚ್ಚಳ ಅಡ್ಡ ಹಿಡ್ಕೊಂಡು ಸಿಡಿಯೋ ಸದ್ದು ನಿಲ್ಲೋದನ್ನು ಕಿವಿಗೊಟ್ಟು ಕೇಳಿದರು. ಒಗ್ಗರಣೆ ಆಗಿದೆ ಅನ್ನೋದನ್ನು ಸದ್ದಲ್ಲಿ ತಿಳಿಯಬೇಕು ಅಂತ ನಾನು ಹೇಳೋದಕ್ಕೆ ಮುಂಚೆಯೇ ಅವರು ಕಂಡುಕೊಂಡಿದ್ದರು. ಅರಿಶಿನ ತಲೆಗೆ ಎಷ್ಟು ಗ್ರಾಂ ಅಂತ ದಶಮಾಂಶದಲ್ಲಿ ಬರೆದುಕೊಂಡರು.

ನಮ್ಮ ಶಾಲೆಗಳಿಗೆ ಅನ್ನ ಬೇರೆ ಡಬ್ಬದಲ್ಲಿ ಬರೋದರಿಂದ ಗೊಜ್ಜು ಬೇರೆ ಡಬ್ಬದಲ್ಲಿ ಬಂತು. ಅಂದರೆ ಕಲಸಿದ್ದು ತರಗತಿಯಲ್ಲಿ, ಮಕ್ಕಳೇ. ಅನ್ನ ನುಚ್ಚಾಗದ ಹಾಗೆ ಬುಡದಿಂದ ಮೇಲಕ್ಕೆ ತಿರುವಿ ಹಾಕೋದು ಹೇಗೆ ಅಂತ ತೋರಿಸಿದೆ, ಬಿಳಿ ಅನ್ನ ಹಳದಿಯಾಗ್ತಾ ಬಂದಾಗ ಇಡೀ ತರಗತಿ ಎದ್ದು ಬಂದು ಸುತ್ತ ನಿಂತಿತ್ತು. “ಇದು ನಿಮ್ಮೂರಲ್ಲಿ ಹಬ್ಬದ ಊಟಾನಾ?” ಅಂತ ಒಬ್ಬಳು ಕೇಳಿದಳು. ಹಬ್ಬಕ್ಕೂ ಮಾಡ್ತೀವಿ, ರಾತ್ರಿ ಅನ್ನ ಉಳಿದರೆ ಬೆಳಿಗ್ಗೆಯೂ ಮಾಡ್ತೀವಿ ಅಂದೆ. ಶಾಲೆಯಿಂದ ವಾಪಸ್ ಹೋದ ಡಬ್ಬಗಳನ್ನು ಕೇಂದ್ರದಲ್ಲಿ ತೂಕ ಹಾಕಿ ಯಾವ ತರಗತಿಯಲ್ಲಿ ಎಷ್ಟು ಉಳಿಯಿತು ಅಂತ ಬರೀತಾರೆ. ಆರನೇ ತರಗತಿಯ ಡಬ್ಬ ಖಾಲಿ. ಒಂದನೇ ತರಗತಿಯಲ್ಲಿ ಸುಮಾರು ಉಳಿದಿತ್ತು, ಸಾಸಿವೆಯನ್ನು ಒಂದೊಂದೇ ಆರಿಸಿ ತಟ್ಟೆಯ ಅಂಚಿಗೆ ಇಟ್ಟಿದ್ದರು. ಆ ಟೀಚರು ಎರಡನ್ನೂ ನನಗೆ ಹಾಗೇ ಹೇಳಿದರು, ಒಂದನ್ನು ಮುಚ್ಚಿಡಲಿಲ್ಲ. ಅವರ ಕೆಲಸದ ರೀತಿ ನನಗೆ ತುಂಬ ಇಷ್ಟವಾದದ್ದು ಅದಕ್ಕೇ.

ಕೊರತೆಗಳನ್ನೂ ಹೇಳಬೇಕು. ತಿನ್ನೋಕೆ ಸಿಗೋ ಸಮಯ ಕಮ್ಮಿ. ಬಡಿಸೋದು ತಡವಾದರೆ ಹದಿನೈದು ನಿಮಿಷವೂ ಸಿಗೋದಿಲ್ಲ, ನಿಧಾನವಾಗಿ ತಿನ್ನೋ ಮಕ್ಕಳ ಮುಖ ನೋಡೋಕಾಗಲ್ಲ. ಚಳಿಗಾಲದಲ್ಲಿ ಹಿಮಗಾಳಿ ಬೀಸೋ ದಿನ ಕೇಂದ್ರದಿಂದ ಲಾರಿ ಬರೋ ಹೊತ್ತಿಗೆ ಕರಿದದ್ದು ಮೆತ್ತಗಾಗಿರುತ್ತೆ. ಶರತ್ಕಾಲದ ಇಮೋನಿ, ಅಂದರೆ ಕೆಸುವಿನಗೆಡ್ಡೆಯ ಸೂಪು, ಯಾಮಾಗಾತದ ಹೆಮ್ಮೆ. ಶೋನಾಯ್ ಕಡೆ ಅದಕ್ಕೆ ಹಂದಿ ಮತ್ತು ಮಿಸೋ, ಒಳನಾಡಿನ ಕಡೆ ದನ ಮತ್ತು ಸೋಯಾ ಸಾಸು. ಎರಡೂ ನನಗಾಗದು. ಊರಿಡೀ ಕೊಂಡಾಡೋ ಒಂದು ಪದಾರ್ಥವನ್ನು ಹೊರಗೇ ನಿಂತು ನೋಡೋದು ಬೇಜಾರು, ಗೆಡ್ಡೆಯ ವಾಸನೆ ಬಂದಾಗಲಂತೂ ಇನ್ನೂ. ಬೇಸಿಗೆ ರಜೆಯಲ್ಲಿ ಮಕ್ಕಳಿಲ್ಲ, ಊಟವೂ ಇಲ್ಲ, ನಮಗೆ ಮಾತ್ರ ಆಫೀಸಿಗೆ ಬರೋದು ತಪ್ಪೋದಿಲ್ಲ. ಅವತ್ತೆಲ್ಲ ಡಬ್ಬಿಯೇ ಗತಿ.

ದುಡ್ಡಿನ ಮಾತು. ಕಾಯ್ದೆಯ ಪ್ರಕಾರ ಕಟ್ಟಡ, ಯಂತ್ರ, ಅಡುಗೆಯವರ ಸಂಬಳ ಸ್ಥಳೀಯ ಆಡಳಿತದ ಹೊಣೆ, ಸಾಮಾನಿನ ಖರ್ಚು ತಂದೆತಾಯಿಯದ್ದು. ಶಿಕ್ಷಣ ಸಚಿವಾಲಯದ 2023ರ ಸಮೀಕ್ಷೆಯಲ್ಲಿ ಸರ್ಕಾರಿ ಪ್ರೈಮರಿ ಶಾಲೆಗಳ ಸರಾಸರಿ ತಿಂಗಳಿಗೆ 4,688 ಯೆನ್, ಮಿಡ್ಲ್ ಸ್ಕೂಲಲ್ಲಿ 5,367 ಯೆನ್. ಎಷ್ಟೋ ಊರುಗಳು ಈಗ ಮಕ್ಕಳಿಗೆ ಪುಕ್ಕಟೆ ಮಾಡಿವೆ. ಶಿಕ್ಷಕರು ಕೊಡಲೇಬೇಕು, ಹೆಡ್‌ಮಾಸ್ಟರೂ ಸೇರಿ. ನನಗೆ ಒಂದೂಟಕ್ಕೆ 300 ಯೆನ್ನಿನ ಮೇಲೆ ಸ್ವಲ್ಪ ಬೀಳುತ್ತೆ. ಕೊನ್ಬಿನಿಯಲ್ಲಿ ಒಂದು ಬೆಂತೋ, ಅಂದರೆ ಡಬ್ಬಿ ಊಟ, ತಗೊಂಡರೆ 500, 600 ಯೆನ್ ಸಲೀಸಾಗಿ ಹೋಗುತ್ತೆ, ಅದರಲ್ಲಿ ಇಷ್ಟು ತರಕಾರಿಯೂ ಇರೋದಿಲ್ಲ.

ನಾನೂ ಸರ್ಕಾರಿ ಶಾಲೆಯ ಬಿಸಿಯೂಟ ಉಂಡು ಬೆಳೆದವಳು. ಅಕ್ಷರ ದಾಸೋಹ ನಮ್ಮ ಶಾಲೆಗೆ ಬಂದಾಗ ಜಗುಲಿಯಲ್ಲಿ ಸಾಲಾಗಿ ಕೂರಿಸಿ ಅಡುಗೆಯ ಅಕ್ಕಂದಿರು ಅನ್ನ, ಸಾಂಬಾರು ಬಡಿಸ್ತಿದ್ದರು. ಆ ಸಾಂಬಾರಿನ ಬಿಸಿ, ಆ ಅಕ್ಕಂದಿರ ಕೈ ನನಗೆ ದೊಡ್ಡದು, ಅದನ್ನು ಕೀಳು ಮಾಡೋಕೆ ಈ ಮಾತು ಹೇಳ್ತಿಲ್ಲ. ಆದರೆ ನಮ್ಮ ಮೇಷ್ಟ್ರುಗಳು ತಮ್ಮ ಡಬ್ಬಿ ಹಿಡಿದು ಆಫೀಸ್ ರೂಮಿಗೆ ಹೋಗ್ತಿದ್ದರು. ಊರಲ್ಲಿ ಅನುಕೂಲ ಇದ್ದವರ ಮಕ್ಕಳು ಮನೆಗೆ ಓಡ್ತಿದ್ದರು. ಇಲ್ಲಿ ಡಾಕ್ಟರ ಮಗಳು, ಮೀನುಗಾರನ ಮಗ, ಹೆಡ್‌ಮಾಸ್ಟರು, ಶಾಲೆಯ ಗುಮಾಸ್ತರು, ಪರದೇಶದಿಂದ ಬಂದ ನಾನು, ಎಲ್ಲರ ಮುಂದೂ ಒಂದೇ ಡಬ್ಬದ್ದು. ಇದು ನಮ್ಮಲ್ಲಿ ಆಗಬಾರದು ಅಂತೇನಿಲ್ಲ, ದುಡ್ಡಿನ ಪ್ರಶ್ನೆಯೂ ಅಲ್ಲ. ಮೇಷ್ಟ್ರು ಮಕ್ಕಳ ಪಕ್ಕ ತಟ್ಟೆ ಇಟ್ಟುಕೊಂಡು ಕೂತರೆ ಸಾಂಬಾರಿನಲ್ಲಿ ತರಕಾರಿ ತಾನಾಗೇ ಜಾಸ್ತಿಯಾಗುತ್ತೆ ಅಂತ ನಾನು ನಂಬ್ತೀನಿ.

ಬರೋರಿಗೆ ಕೆಲಸಕ್ಕೆ ಬರೋ ನಾಲ್ಕು ಮಾತು. ಶಾಲೆಯ ವರ್ಷ ಏಪ್ರಿಲಿಗೆ ಶುರು. ಕೆಲಸಕ್ಕೆ ಸೇರಿದ ಮೊದಲ ವಾರವೇ ಊಟ ಬೇಕಾ ಬೇಡವಾ ಅಂತ ಚೀಟಿ ಕೊಡ್ತಾರೆ, ಅದಕ್ಕೆ ಮುಂಚೆ ನೀವು ತಿನ್ನದ ಪದಾರ್ಥಗಳನ್ನು ಜಪಾನೀಸಲ್ಲಿ ಬರೆಸಿ ಇಟ್ಟುಕೊಳ್ಳಿ. ‘ಮಾಂಸ ತಿನ್ನಲ್ಲ’ ಅಂತಷ್ಟೇ ಹೇಳಿದರೆ ಸಾಲದು, ಬೇಕನ್, ಹ್ಯಾಮ್, ಮೀನು, ಮೊಟ್ಟೆ, ಒಣಮೀನಿನ ರಸ ಅಂತ ಬಿಡಿಬಿಡಿಯಾಗಿ ಹೇಳಿ. ಬೇಡದ ದಿನಗಳನ್ನು ಪಟ್ಟಿ ನೋಡಿ ಮುಂಚಿತವಾಗಿ ಆಫೀಸಿಗೆ ತಿಳಿಸಿದರೆ ಅಷ್ಟು ದಿನದ ದುಡ್ಡು ಕಡಿಯೋದಿಲ್ಲ, ಅವತ್ತು ಬೆಳಿಗ್ಗೆ ಹೇಳಿದರೆ ಆಗೋದಿಲ್ಲ, ಸಾಮಾನು ತಂದಾಗಿರುತ್ತೆ. ನಮ್ಮ ಆಫೀಸಲ್ಲಿ ಒಂದು ವಾರ ಮುಂಚೆ ಹೇಳಬೇಕು. ಹಾಲು ಒಗ್ಗದಿದ್ದರೆ ಶಾಲೆಯವರು ಡಾಕ್ಟರ ಚೀಟಿ ಕೇಳಬಹುದು. ಸಸ್ಯಾಹಾರಿಗಳು ಡಬ್ಬಿ ತರ್ತೀವಿ ಅಂತ ಮೊದಲ ದಿನವೇ ಒಪ್ಪಿಸಿಕೊಂಡು, ಅದರ ಜೊತೆಗೇ ಇನ್ನೊಂದು ಮಾತು ಕೇಳಿ: ತರಗತಿಯಲ್ಲಿ ಮಕ್ಕಳ ಜೊತೆ ಕೂತು ತಿನ್ನಬಹುದಾ ಅಂತ. ನಾನು ಕಂಡ ಯಾವ ಶಾಲೆಯೂ ಅದಕ್ಕೆ ಇಲ್ಲ ಅಂದಿಲ್ಲ.